ಶೀರ್ಷಿಕೆ ಪುಟದ ಬೆನ್ನಲ್ಲಿ ಒಂದು ಸಾಲು

1999ರಲ್ಲಿ ನನ್ನ ಮೊದಲ ಕಥಾಸಂಕಲನ ಬಂತು. ಡೆಮಿ 1/8 ಆಕಾರ, ಸಾವಿರ ಪ್ರತಿ, ಬೆಲೆ 40 ರೂಪಾಯಿ. ಪ್ರಕಾಶಕರು ಸಂಭಾವನೆಯ ಬದಲಿಗೆ 50 ಗೌರವ ಪ್ರತಿ ಕೊಟ್ಟರು. ಆ ಕಟ್ಟನ್ನು ಬಸ್ಸಿನ ಮೇಲೆ ಹಾಕಿಸಲು ಮನಸ್ಸು ಬರದೆ, ಬೆಂಗಳೂರಿನಿಂದ ಸಾಗರದವರೆಗೆ ತೊಡೆಯ ಮೇಲಿಟ್ಟುಕೊಂಡೇ ಬಂದೆ. ದಾರಿಯುದ್ದಕ್ಕೂ ಮುಖಪುಟ ನೋಡಿದೆ, ಮುನ್ನುಡಿಯನ್ನು ಎರಡು ಸಲ ಓದಿದೆ, ಮನೆಗೆ ಬಂದಮೇಲೆ ಬೆನ್ನುಡಿಯನ್ನು ಎಲ್ಲರಿಗೂ ಓದಿ ಹೇಳಿದೆ. ಶೀರ್ಷಿಕೆ ಪುಟದ ಬೆನ್ನಿಗೆ, ಮುದ್ರಕರ ವಿಳಾಸದ ಮೇಲೆ, ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲನ್ನು ಮಾತ್ರ ಓದಲಿಲ್ಲ.

ಅದನ್ನು ಓದಿದ್ದು 24 ವರ್ಷದ ನಂತರ. ಆ ಪುಸ್ತಕದ ಒಂದು ಕಥೆಯನ್ನು ಕಿರುಚಿತ್ರ ಮಾಡಬೇಕೆಂದು ಹುಡುಗನೊಬ್ಬ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತಾ ಪುಟ ತಿರುವಿದವನು ಬೆರಳಿಟ್ಟು ತೋರಿಸಿದ: 'ಮೇಡಂ, ಇಲ್ಲಿ ಹಕ್ಕುಗಳು ಪ್ರಕಾಶಕರವು ಅಂತ ಇದೆಯಲ್ಲ?'

ಪ್ರಕಾಶಕರು ಆ ವೇಳೆಗೆ ತೀರಿಕೊಂಡಿದ್ದರು. ಅಂಗಡಿ ನೋಡಿಕೊಳ್ಳುತ್ತಿದ್ದ ಮಗನಿಗೆ ಫೋನ್ ಮಾಡಿದರೆ, 'ಪುಸ್ತಕದಲ್ಲೇ ಅಚ್ಚಾಗಿದೆಯಲ್ಲ ಮೇಡಂ, ಹಕ್ಕು ನಮ್ಮದು' ಎಂದು ನಯವಾಗಿಯೇ ಹೇಳಿ, ಅನುಮತಿಗೆ 25,000 ರೂಪಾಯಿ ಕೇಳಿದರು. ಹುಡುಗನ ಇಡೀ ಕಿರುಚಿತ್ರದ ಬಜೆಟ್ಟೇ ಅಷ್ಟಿರಲಿಲ್ಲ. ನಾನು ಹೆತ್ತ ಕಥೆಯನ್ನು ನಾನೇ ಕೊಡಲಾಗದೆ ಹೋಯಿತಲ್ಲ ಎಂಬ ಸಂಕಟದಲ್ಲಿ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ ಶಿವಮೊಗ್ಗದಲ್ಲಿ ವಕೀಲಿ ಮಾಡುವ ಗೆಳತಿಗೆ ಫೋನ್ ಹಚ್ಚಿದೆ. ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು.

'ಅಕ್ಕ, ಅವರಿಗೆ ನೀನು ಏನಾದ್ರೂ ಸಹಿ ಹಾಕಿ ಕೊಟ್ಟಿದ್ದೀಯಾ?'

'ಇಲ್ಲ.'

'ಒಂದು ಪತ್ರ? ರಸೀದಿ? ಪೋಸ್ಟ್ ಕಾರ್ಡು?'

'ಏನೂ ಇಲ್ಲವೇ. ಹಸ್ತಪ್ರತಿ ಕೊಟ್ಟೆ, ಪುಸ್ತಕ ಬಂತು.'

'ಹಾಗಿದ್ರೆ ಹಕ್ಕು ನಿನ್ನದೇ. ಹೋಗಿ ಮಲಕ್ಕೋ.'

ಅವಳು ಅಷ್ಟು ಸಲೀಸಾಗಿ ಹೇಳಿದ್ದರ ಹಿಂದೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಇತ್ತು. ಕೃತಿಯ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಅದು ಬರಹದಲ್ಲಿರಬೇಕು, ಹಕ್ಕುದಾರರ ಅಥವಾ ಅವರು ಅಧಿಕಾರ ಕೊಟ್ಟವರ ಸಹಿ ಅದರ ಮೇಲಿರಬೇಕು. ಸಹಿ ಇಲ್ಲದ ವರ್ಗಾವಣೆ ಊರ್ಜಿತವಲ್ಲ. ಪ್ರಕಾಶಕರು ತಮ್ಮ ಅಚ್ಚಿನಮನೆಯಲ್ಲಿ ತಾವೇ ಹಾಕಿಸಿಕೊಂಡ ಒಂದು ಸಾಲು ನನ್ನ ಸಹಿಯ ಜಾಗದಲ್ಲಿ ನಿಲ್ಲಲಾರದು. ಒಂದು ವೇಳೆ ನಾನು ಸಹಿ ಹಾಕಿದ್ದು, ಅದರಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆದಿಲ್ಲದೇ ಇದ್ದಿದ್ದರೆ? ಆಗ ಐದು ವರ್ಷ ಎಂದೇ ಕಾಯ್ದೆ ಲೆಕ್ಕ ಹಿಡಿಯುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ. ಈ ದೇಶದ ಕಾನೂನು ಬರೆಯುವವರ ಕಡೆಗೆ ಇಷ್ಟು ವಾಲಿ ನಿಂತಿದೆ ಎಂಬುದು ಐದು ಪುಸ್ತಕ ಪ್ರಕಟಿಸಿದ ನನಗೇ ಗೊತ್ತಿರಲಿಲ್ಲ.

ಹಾಗೆಂದು ಆ ಪ್ರಕಾಶಕರನ್ನು ನಾನು ದೂರುತ್ತಿಲ್ಲ. ಕನ್ನಡದ ಸಣ್ಣ ಪ್ರಕಾಶಕರಲ್ಲಿ ಎಷ್ಟೋ ಜನ ಕೈಯಿಂದ ದುಡ್ಡು ಹಾಕಿ, ಗೋಣಿಚೀಲದಲ್ಲಿ ಪುಸ್ತಕ ಹೊತ್ತು, ಸಮ್ಮೇಳನದ ಮಳಿಗೆಯಲ್ಲಿ ಮೂರು ದಿನ ನಿಂತು ಮಾರಿದವರು. ನಮ್ಮಲ್ಲಿ ಪುಸ್ತಕದ ವ್ಯವಹಾರ ನಡೆದದ್ದೇ ಬಾಯಿಮಾತಿನ ಮೇಲೆ, ಪರಿಚಯದ ಮೇಲೆ, ದಾಕ್ಷಿಣ್ಯದ ಮೇಲೆ. ಕಾಗದ ಕೇಳಿದರೆ ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಎಂದು ಇಬ್ಬರೂ ಸುಮ್ಮನಿರುತ್ತಾರೆ. ಮಾತಾಡಿಕೊಂಡ ಇಬ್ಬರು ಇರುವವರೆಗೆ ಅದು ನಡೆಯುತ್ತದೆ. ಒಬ್ಬರು ಹೋದ ಮೇಲೆ ಮಕ್ಕಳ ಕೈಗೆ ಬರುವುದು ಅಚ್ಚಾದ ಪುಟ ಮಾತ್ರ.

ಈ ಘಟನೆಯ ನಂತರ ಸಾಹಿತಿ ಮಿತ್ರರನ್ನು, ನಾಟಕದವರನ್ನು, ಸಿನಿಮಾಕ್ಕೆ ಬರೆಯುವ ಒಂದಿಬ್ಬರನ್ನು ವಿಚಾರಿಸುತ್ತಾ ಹೋದೆ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: 'ಕಾಪಿರೈಟ್ ಮಾಡಿಸಿದ್ದೀರಾ?' ಮನೆ, ಸೈಟು ರಿಜಿಸ್ಟರ್ ಮಾಡಿಸಿದ ಹಾಗೆ ಕಥೆಯನ್ನೂ ಎಲ್ಲೋ ಹೋಗಿ ಮಾಡಿಸಿದ ಮೇಲೆಯೇ ಅದು ನಮ್ಮದಾಗುತ್ತದೆ ಎಂಬ ನಂಬಿಕೆ ಎಲ್ಲರಲ್ಲೂ ಇದೆ. ನಿಜ ಇದಕ್ಕೆ ವಿರುದ್ಧ. ಕಥೆ ಕಾಗದದ ಮೇಲೆ ಇಳಿದ ಕ್ಷಣದಲ್ಲೇ ಅದರ ಹಕ್ಕು ಬರೆದವರದು. ಅರ್ಜಿ ಬೇಡ, ಶುಲ್ಕ ಬೇಡ, ವೃತ್ತದೊಳಗಿನ ಆ 'ಸಿ' ಚಿಹ್ನೆಯೂ ಬೇಡ. ಬರ್ನ್ ಒಪ್ಪಂದ ಎಂಬ 1886ರ ಅಂತಾರಾಷ್ಟ್ರೀಯ ಕರಾರಿನ ತಿರುಳೇ ಇದು. ಭಾರತ ಬ್ರಿಟಿಷರ ಕಾಲದಲ್ಲೇ, 1928ರಲ್ಲಿ, ಅದಕ್ಕೆ ಸೇರಿತು. ನೋಂದಣಿ ಮಾಡಿಸದಿದ್ದರೆ ದಾವೆಯೇ ಹೂಡುವಂತಿಲ್ಲ ಎಂಬ ವಾದ ಕೋರ್ಟುಗಳಲ್ಲಿ ಆಗಾಗ ಕೇಳಿಬರುತ್ತಿತ್ತು. ನೋಂದಣಿ ಕಡ್ಡಾಯವಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟ್ ಮತ್ತೊಮ್ಮೆ ಬಿಡಿಸಿ ಹೇಳಿದೆ.

ಕರ್ನಾಟಕದಲ್ಲಿ ಇನ್ನೊಂದು ಗೊಂದಲವಿದೆ. ಪುಸ್ತಕ ಬಂದ ಕೂಡಲೇ ನಾವು ಅದರ ಪ್ರತಿಗಳನ್ನು ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಕೊಟ್ಟು ನೋಂದಾಯಿಸುತ್ತೇವೆ. ಅಲ್ಲಿನ ಆ ವಿಭಾಗಕ್ಕೆ ಕೃತಿಸ್ವಾಮ್ಯ ವಿಭಾಗ ಎಂದೇ ಹೆಸರು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆ ನೋಂದಣಿ ಬೇಕಾಗುವುದರಿಂದ 'ಕಾಪಿರೈಟ್ ಆಯ್ತಾ?' ಎಂದು ಪ್ರಕಾಶಕರು ಪರಸ್ಪರ ಕೇಳಿಕೊಳ್ಳುತ್ತಾರೆ. ಅದು ಅಚ್ಚಾದ ಪುಸ್ತಕಗಳ ಲೆಕ್ಕ ಇಡುವ, 1867ರ ಮುದ್ರಣ ಕಾಯ್ದೆಯ ಕಾಲದಿಂದ ಬಂದ ಪದ್ಧತಿ. ಕೃತಿಸ್ವಾಮ್ಯ ಕಾಯ್ದೆ ಹೇಳುವ ರಿಜಿಸ್ಟರ್ ಬೇರೆ, ಅದು ದೆಹಲಿಯಲ್ಲಿದೆ. ಐಎಸ್‌ಬಿಎನ್ ಸಂಖ್ಯೆಗೂ ಹಕ್ಕಿಗೂ ಸಂಬಂಧವೇ ಇಲ್ಲ. ಅದು ಪುಸ್ತಕದ ಗುರುತಿನ ಸಂಖ್ಯೆ, ಅಷ್ಟೇ.

ಹಾಗಾದರೆ ದೆಹಲಿಯ ನೋಂದಣಿ ಯಾಕೆ ಬೇಕು? ತಕರಾರು ಬಂದ ದಿನ ತೋರಿಸಲು ಒಂದು ತಾರೀಖು ಬೇಕು, ಅದಕ್ಕೆ. ರಿಜಿಸ್ಟರಿನಲ್ಲಿ ದಾಖಲಾದ ವಿವರವನ್ನು ನ್ಯಾಯಾಲಯ ಮೇಲ್ನೋಟದ ಸಾಕ್ಷ್ಯವಾಗಿ ಒಪ್ಪುತ್ತದೆ. ಅದು ಸುಳ್ಳೆಂದು ಸಾಧಿಸುವ ಹೊಣೆ ಎದುರಾಳಿಯ ಮೇಲೆ ಬೀಳುತ್ತದೆ. ಅಚ್ಚಾದ ಪುಸ್ತಕಕ್ಕೆ ಈ ಅನುಕೂಲ ಒಂದು ಮಟ್ಟಿಗೆ ತಾನಾಗಿಯೇ ಇದೆ: ಮುಖಪುಟದ ಮೇಲೆ ಯಾರ ಹೆಸರಿದೆಯೋ ಅವರೇ ಕರ್ತೃ ಎಂದು ಕಾಯ್ದೆ ಭಾವಿಸಿಕೊಳ್ಳುತ್ತದೆ. ನೋಂದಣಿಯಿಂದ ನಿಜವಾದ ಉಪಕಾರ ಆಗುವುದು ಇನ್ನೂ ಅಚ್ಚಾಗದೆ ಕೈಯಿಂದ ಕೈಗೆ ಓಡಾಡುವ ಬರಹಕ್ಕೆ. ಗಾಂಧಿನಗರದಲ್ಲಿ ನಿರ್ಮಾಪಕರಿಗೆ ಕಥೆ ಹೇಳಲು ಹೋಗುವ ಹುಡುಗರು, ರಾಗ ಹಾಕಿ ಫೋನಿನಲ್ಲಿ ಕಳಿಸುವ ಸಂಗೀತಗಾರರು, ಅಪ್ರಕಟಿತ ನಾಟಕ ಕೈಯಲ್ಲಿಟ್ಟುಕೊಂಡು ತಂಡ ಹುಡುಕುವವರು ಇದನ್ನು ಮಾಡಿಸಲೇಬೇಕು.

ಸ್ಕ್ರಿಪ್ಟನ್ನು ಲಕೋಟೆಯಲ್ಲಿಟ್ಟು ತಮಗೆ ತಾವೇ ಅಂಚೆಯಲ್ಲಿ ಕಳಿಸಿ, ಒಡೆಯದೆ ಬೀರುವಿನಲ್ಲಿ ಇಡುವ ರೂಢಿ ಸಿನಿಮಾದವರಲ್ಲಿದೆ. ಅಂಚೆಯ ಮುದ್ರೆ ತಾರೀಖನ್ನು ತೋರಿಸೀತು. ಅದಕ್ಕೆ ಕಾಯ್ದೆ ಕೊಟ್ಟ ಸ್ಥಾನವೇನೂ ಇಲ್ಲ. 500 ರೂಪಾಯಿಯಲ್ಲಿ ನೇರ ದಾಖಲೆಯೇ ಸಿಗುವಾಗ ಲಕೋಟೆಯನ್ನು ಯಾಕೆ ನಂಬಬೇಕು?

ಹೌದು, ಒಂದು ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ನಾಟಕ, ಸಂಗೀತ, ಚಿತ್ರಕಲೆಗೂ ಅಷ್ಟೇ. ಸರಕಿನ ಮೇಲೆ ಬಳಸುವ ಲೇಬಲ್, ಚಿತ್ರಗಳಿಗೆ 2,000, ಧ್ವನಿಮುದ್ರಣಕ್ಕೆ 2,000, ಚಲನಚಿತ್ರಕ್ಕೆ 5,000. ಕೃತಿಸ್ವಾಮ್ಯ ಕಚೇರಿಯ ಜಾಲತಾಣದಲ್ಲಿ ಖಾತೆ ತೆರೆದು 14ನೇ ನಮೂನೆಯನ್ನು ತುಂಬಬೇಕು. ಅದರ ಜೊತೆಗೆ ಎರಡು ವಿವರಪಟ್ಟಿ ಇವೆ. ಕೃತಿಯ ಹೆಸರು, ಭಾಷೆ, ಕರ್ತೃ ಯಾರು, ಹಕ್ಕುದಾರರು ಯಾರು, ಪ್ರಕಟವಾಗಿದೆಯೇ, ಆಗಿದ್ದರೆ ಎಲ್ಲಿ, ಯಾವಾಗ ಎಂಬುದನ್ನೆಲ್ಲ ಅಲ್ಲಿ ಕೇಳುತ್ತಾರೆ. 'ಕರ್ತೃ' ಮತ್ತು 'ಹಕ್ಕುದಾರ' ಎಂಬ ಎರಡು ಕಾಲಂ ಬೇರೆ ಬೇರೆ ಎಂಬುದನ್ನು ಗಮನಿಸಿ. ಬರೆದವರೇ ಅರ್ಜಿ ಹಾಕುವಾಗ ಎರಡೂ ಕಡೆ ಒಂದೇ ಹೆಸರು ಬರಬೇಕು. ಹಣ ಕಟ್ಟಿದ ಕೂಡಲೇ ಡೈರಿ ಸಂಖ್ಯೆ ಸಿಗುತ್ತದೆ. ಬೇರೆ ಯಾರಾದರೂ ತಕರಾರು ಎತ್ತುವುದಿದ್ದರೆ ಎತ್ತಲಿ ಎಂದು 30 ದಿನ ಕಾಯುತ್ತಾರೆ. ನಂತರ ಪರಿಶೀಲನೆ. ಮುಖಪುಟದ ಚಿತ್ರವನ್ನೂ ಸೇರಿಸಿ ಕಳಿಸಿದ್ದರೆ ಕಲಾವಿದರ ಒಪ್ಪಿಗೆ ಪತ್ರ ಕೇಳುತ್ತಾರೆ. ಪ್ರಕಟಿತ ಕೃತಿಯಾದರೆ ಪ್ರಕಾಶಕರ ನಿರಾಕ್ಷೇಪಣಾ ಪತ್ರ ಕೇಳುತ್ತಾರೆ. ಲೋಪ ತೋರಿಸುವ ಇಂಥ ಪತ್ರ ಬಂದರೆ ಅರ್ಜಿ ತಿರಸ್ಕಾರವಾಯಿತೆಂದು ಗಾಬರಿ ಬೇಡ. ಗಡುವಿನೊಳಗೆ ಉತ್ತರಿಸಿದರೆ ಆಯಿತು. ಕೊನೆಗೆ ಕೈಗೆ ಬರುವ ಹಾಳೆಯ ಮೇಲೆ ಕೃತಿಸ್ವಾಮ್ಯ ರಿಜಿಸ್ಟರಿನ ಉದ್ಧೃತ ಭಾಗ ಎಂಬ ತಲೆಬರಹವಿರುತ್ತದೆ. ಸಾಹಿತ್ಯ ಕೃತಿಯಾದರೆ ಅದರ ಸಂಖ್ಯೆ 'ಎಲ್' ಅಕ್ಷರದಿಂದ ಶುರುವಾಗುತ್ತದೆ.

ಒಂದು ಎಚ್ಚರ. ಕಥೆಯ ಎಳೆಗೆ ಹಕ್ಕಿಲ್ಲ, ಅದನ್ನು ಹೇಳಿದ ಬಗೆಗೆ ಹಕ್ಕಿದೆ. 1978ರಲ್ಲಿ ಸುಪ್ರೀಂ ಕೋರ್ಟ್ ಆರ್.ಜಿ. ಆನಂದ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಂದಿಗೂ ಇದಕ್ಕೆ ಆಧಾರ. 'ಹಮ್ ಹಿಂದೂಸ್ತಾನಿ' ಎಂಬ ತಮ್ಮ ನಾಟಕವನ್ನು ಕದ್ದು 'ನ್ಯೂ ಡೆಲ್ಲಿ' ಸಿನಿಮಾ ಮಾಡಿದ್ದಾರೆ ಎಂಬುದು ನಾಟಕಕಾರರ ದೂರು. ಪ್ರಾಂತೀಯ ಅಭಿಮಾನದ ಹುಚ್ಚು ಎರಡರಲ್ಲೂ ವಸ್ತುವಾಗಿತ್ತು. ವಸ್ತು ಒಂದೇ ಆದರೂ ಕಟ್ಟಿದ ರೀತಿ ಬೇರೆ ಎಂದು ಕೋರ್ಟ್ ನಾಟಕಕಾರರ ಮನವಿಯನ್ನು ತಳ್ಳಿಹಾಕಿತು. ಮಹಾಭಾರತ ಯಾರ ಸ್ವತ್ತೂ ಅಲ್ಲ. ಭೈರಪ್ಪನವರ 'ಪರ್ವ' ಮಾತ್ರ ಭೈರಪ್ಪನವರದು. ಶೀರ್ಷಿಕೆಗೂ ಕೃತಿಸ್ವಾಮ್ಯ ಇಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ವಾಣಿಜ್ಯ ಮಂಡಳಿಯಲ್ಲಿ ಸಿನಿಮಾದ ಹೆಸರನ್ನು ನೋಂದಾಯಿಸುವುದು ಉದ್ಯಮದವರು ತಮ್ಮೊಳಗೆ ಮಾಡಿಕೊಂಡ ಕಟ್ಟುಪಾಡು. ಆದ್ದರಿಂದ ನಿರ್ಮಾಪಕರಿಗೆ ಕಥೆ ಹೇಳುವ ಮೊದಲು ಒಂದು ಪುಟದ ಎಳೆಯನ್ನು ನೋಂದಾಯಿಸಿದರೆ ಏನೂ ದಕ್ಕುವುದಿಲ್ಲ. ದೃಶ್ಯ ದೃಶ್ಯವಾಗಿ, ಮಾತಿನ ಸಮೇತ ಬರೆದು ನೋಂದಾಯಿಸಬೇಕು.

ಈ ಎಳೆ ಮತ್ತು ಬಗೆಯ ವ್ಯತ್ಯಾಸ ಎಷ್ಟು ಸೂಕ್ಷ್ಮ, ಎಷ್ಟು ಗಟ್ಟಿ ಎಂದು ನನಗೆ ಅರ್ಥ ಮಾಡಿಸಿದ್ದು ನಮ್ಮ ಕರಾವಳಿಯದೇ ಒಂದು ಮೊಕದ್ದಮೆ. ಕೋಟ ಶಿವರಾಮ ಕಾರಂತರ ಯಕ್ಷಗಾನದ್ದು.

ಕಾರಂತರು ಯಕ್ಷಗಾನಕ್ಕಾಗಿ ತೆತ್ತ ಆಯುಷ್ಯದ ಬಗ್ಗೆ ಕನ್ನಡಿಗರಿಗೆ ಹೇಳಬೇಕಾದ್ದಿಲ್ಲ. ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, 'ಯಕ್ಷಗಾನ ಬಯಲಾಟ' ಎಂಬ ಅಧ್ಯಯನಕ್ಕೆ. ಅಷ್ಟಕ್ಕೇ ನಿಲ್ಲದೆ ರಾಗ, ತಾಳ, ವೇಷಭೂಷಣ, ರಂಗಸಜ್ಜಿಕೆ, ಹೆಜ್ಜೆ ಎಲ್ಲವನ್ನೂ ಮತ್ತೆ ಯೋಚಿಸಿ, ಪಿಟೀಲು ಮತ್ತು ಸ್ಯಾಕ್ಸೊಫೋನನ್ನು ತಂದು, ರಾತ್ರಿಯಿಡೀ ನಡೆಯುವ ಆಟವನ್ನು ಹಾಡು ಮತ್ತು ನೃತ್ಯದ ಬಲದ ಮೇಲೆ ಸಾಗುವ ಯಕ್ಷಗಾನ ಬ್ಯಾಲೆಯಾಗಿ ಕಟ್ಟಿದರು. ಅದಕ್ಕೆ 'ಯಕ್ಷರಂಗ' ಎಂದು ಹೆಸರಿಟ್ಟರು. ಪರಂಪರೆಯ ಪಕ್ಷಪಾತಿಗಳು ಬೈದರು, ಹೊರದೇಶದ ಪ್ರೇಕ್ಷಕರು ಬೆರಗಾದರು. ಅದು ಬೇರೆಯೇ ಚರ್ಚೆ.

1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು, 1994ರ ಜೂನ್ 18ರಂದು, ಉಯಿಲು ಬರೆದಿಟ್ಟಿದ್ದರು. ತಮ್ಮ ಸಾಹಿತ್ಯ ಕೃತಿಗಳ ಹಕ್ಕು, ಅದರ ರಾಯಧನ ಎಲ್ಲವೂ ಕೊನೆಗಾಲದಲ್ಲಿ ತಮ್ಮ ಬರವಣಿಗೆಗೆ ಹೆಗಲಾಗಿದ್ದ ಬಿ. ಮಾಲಿನಿ ಮಲ್ಯ ಅವರಿಗೆ ಸೇರಬೇಕು ಎಂದು ಅದರಲ್ಲಿತ್ತು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯ ಕಡೆಯಿಂದ ದೆಹಲಿಯಲ್ಲಿ ಕಾರಂತರ ಮಾದರಿಯ ಪ್ರದರ್ಶನ ನಡೆಯಿತು. ಅನುಮತಿ ಪಡೆದಿಲ್ಲ ಎಂದು ಮಾಲಿನಿ ಮಲ್ಯ ಉಡುಪಿಯಲ್ಲಿ ದಾವೆ ಹೂಡಿದರು.

ಸಂಸ್ಥೆಯ ವಾದವನ್ನೂ ತಳ್ಳಿಹಾಕುವಂತಿಲ್ಲ. ಯಕ್ಷಗಾನ ನೂರಾರು ವರ್ಷದ ಕಲೆ, ಅದಕ್ಕೆ ಯಾರು ಒಡೆಯರು? ಕಾರಂತರು ಉಡುಪಿಯ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿ, ಸಂಸ್ಥೆಯ ಹಣದಲ್ಲಿ, ಅಲ್ಲಿನ ಕಲಾವಿದರ ನೆರವಿನಿಂದ ಈ ಪ್ರಯೋಗ ಮಾಡಿದ್ದಲ್ಲವೇ? ಜಿಲ್ಲಾ ನ್ಯಾಯಾಲಯದಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದ ತೀರ್ಪು 2009ರ ಜನವರಿ 23ರಂದು ಬಂತು. ಯಕ್ಷಗಾನ ಎಲ್ಲರದು; ಅದರೊಳಗೆ ಕಾರಂತರು ಹೊಸದಾಗಿ ಕಟ್ಟಿದ್ದು ಕಾರಂತರದು ಎಂಬ ಗೆರೆ ಕೊನೆಯವರೆಗೂ ಉಳಿಯಿತು. ಕಾರಂತರು ರೂಪಿಸಿದ ರೀತಿಯಲ್ಲಿ ಆಡುವುದಾದರೆ ಕೃತಿಸ್ವಾಮ್ಯ ಕಾಯ್ದೆಗೆ ಒಳಪಟ್ಟೇ ಆಡಬೇಕು ಎಂದಾಯಿತು.

ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಜಾಗ ಇನ್ನೊಂದಿದೆ. ಉಯಿಲಿನಲ್ಲಿ ಇದ್ದದ್ದು 'ಸಾಹಿತ್ಯ ಕೃತಿಗಳು' ಎಂಬ ಮಾತು. ನೃತ್ಯಪ್ರದರ್ಶನ ಸಾಹಿತ್ಯವೇ? ಅಲ್ಲ, ಕಾಯ್ದೆಯ ಲೆಕ್ಕದಲ್ಲಿ ಅದು ನಾಟ್ಯಕೃತಿಯ ವರ್ಗಕ್ಕೆ ಸೇರುತ್ತದೆ, ಎರಡೂ ಬೇರೆ ಬೇರೆ ಎಂದಿತು ಸುಪ್ರೀಂ ಕೋರ್ಟ್. ಇಷ್ಟಕ್ಕೇ ನಿಂತಿದ್ದರೆ ಮಾಲಿನಿ ಮಲ್ಯ ಅವರ ಕೈಯಲ್ಲಿ ಕಾದಂಬರಿಗಳ ಹಕ್ಕು ಉಳಿದು ಯಕ್ಷಗಾನದ್ದು ಜಾರಿಹೋಗುತ್ತಿತ್ತು. ಉಯಿಲಿನ ಮುಂದಿನ ಅಂಶ ಅದನ್ನು ಉಳಿಸಿತು. ಹೆಸರಿಸದೆ ಬಿಟ್ಟುಹೋದ ಉಳಿದೆಲ್ಲವೂ ಯಾರಿಗೆ ಎಂದು ಕಾರಂತರು ಅಲ್ಲಿ ಬರೆದಿದ್ದರು. ಆ ಒಂದು ಅಂಶದ ಮೂಲಕ ನಾಟ್ಯದ ಹಕ್ಕೂ ಅವರಿಗೇ ಸಂದಿತು. ಜೊತೆಗೆ, ಶಿಕ್ಷಣ ಸಂಸ್ಥೆಗಳಿಗೆ ಕಾಯ್ದೆ ಕೊಟ್ಟಿರುವ ವಿನಾಯಿತಿಗಳು ಅಬಾಧಿತ ಎಂಬುದನ್ನೂ ಕೋರ್ಟ್ ನೆನಪಿಸಿತು.

ಆ ವಿನಾಯಿತಿಗಳು ನಮ್ಮ ಊರೂರಿನ ನಾಟಕದವರಿಗೆ ತಿಳಿದಿರಬೇಕು. ಶಾಲೆಯಲ್ಲಿ ಮಕ್ಕಳು, ಮೇಷ್ಟ್ರುಗಳು ಆಡಿ, ಪೋಷಕರು ಮತ್ತು ಶಾಲೆಯವರೇ ನೋಡುವ ನಾಟಕಕ್ಕೆ ಅನುಮತಿ ಬೇಡ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ಆಗಲೂ ಬೇಡ. ಗಣಪತಿ ಪೂಜೆಯಲ್ಲಿ, ಮದುವೆಯ ದಿಬ್ಬಣದಲ್ಲಿ ಹಾಡು ಹಾಕಿದರೆ ಅದು ಉಲ್ಲಂಘನೆಯಲ್ಲ. ಟಿಕೆಟ್ ಇಟ್ಟ ದಿನದಿಂದ ಲೆಕ್ಕ ಬೇರೆ. ಐವತ್ತು ರೂಪಾಯಿ ಟಿಕೆಟ್ ಇಟ್ಟು, ಲೈಟಿಂಗಿನವರಿಗೆ, ಮೇಕಪ್ಪಿನವರಿಗೆ, ಸಭಾಭವನಕ್ಕೆ ಕೊಟ್ಟು, ನಾಟಕ ಬರೆದವರಿಗೆ ಒಂದು ಫೋನ್ ಕೂಡ ಮಾಡದ ತಂಡಗಳನ್ನು ನೋಡಿದ್ದೇನೆ. ನನಗೆ ನೋವಾಗುವುದು ಇಲ್ಲಿಯೇ. ದುಡ್ಡಿಗಿಂತ ಹೆಚ್ಚಾಗಿ, ಕೇಳಬೇಕೆಂದೇ ತೋಚುವುದಿಲ್ಲವಲ್ಲ!

ಪಿಡಿಎಫ್ ಹಂಚುವವರದೂ ಇದೇ ಕಥೆ. ಹೊಸ ಕಾದಂಬರಿ ಅಂಗಡಿಗೆ ಬಂದ ವಾರದಲ್ಲೇ ಯಾರೋ ಪುಟಪುಟವನ್ನೂ ಸ್ಕ್ಯಾನ್ ಮಾಡಿ ಟೆಲಿಗ್ರಾಂ ಗುಂಪಿಗೆ ಹಾಕುತ್ತಾರೆ. ಕೆಳಗೆ 'ಕನ್ನಡ ಸೇವೆ' ಎಂಬ ಒಕ್ಕಣೆ ಬೇರೆ. ಸಾವಿರ ಪ್ರತಿಯ ಮುದ್ರಣ ಖಾಲಿಯಾಗಲು ಎರಡು ಮೂರು ವರ್ಷ ಬೇಕಾಗುವ ಭಾಷೆಯಲ್ಲಿ ಇದು ಸೇವೆಯಲ್ಲ, ಬೇರಿಗೆ ಹಾಕುವ ಕೊಡಲಿ ಏಟು. ಕೃತಿಸ್ವಾಮ್ಯದ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ರಹಿತ ಅಪರಾಧ ಇದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿದೆ. ಅಷ್ಟು ದೂರ ಹೋಗಬೇಕಿಲ್ಲ ಎನ್ನುವವರಿಗೆ ಹತ್ತಿರದ ದಾರಿಯೊಂದಿದೆ. ಆ ಕಡತ ಇರುವ ಜಾಲತಾಣಕ್ಕೆ ಅಥವಾ ಆ್ಯಪ್‌ನವರಿಗೆ ಕೃತಿಯ ವಿವರ, ಕೊಂಡಿ, ಹಕ್ಕು ತಮ್ಮದೆಂಬುದರ ಆಧಾರ ಕೊಟ್ಟು ಲಿಖಿತ ದೂರು ಸಲ್ಲಿಸಿದರೆ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. ಆ ತಡೆ 21 ದಿನದ ಮಟ್ಟಿಗೆ. ಅಷ್ಟರಲ್ಲಿ ಕೋರ್ಟಿನ ಆದೇಶ ತರಬೇಕು. ದಾವೆಗೆ ಬೆಂಗಳೂರಿಗೋ ಮುಂಬೈಗೋ ಅಲೆಯಬೇಕಾಗಿಲ್ಲ. ಹಕ್ಕುದಾರರು ಎಲ್ಲಿ ವಾಸವಾಗಿದ್ದಾರೋ ಅಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು. ತೀರ್ಥಹಳ್ಳಿಯ ಲೇಖಕಿಗೆ ಶಿವಮೊಗ್ಗ ಸಾಕು.

ಹಕ್ಕಿಗೂ ಒಂದು ಆಯುಷ್ಯವಿದೆ. ಬರೆದವರು ಬದುಕಿರುವವರೆಗೆ, ಅವರು ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ. ಮೊದಲು ಇದು 50 ವರ್ಷ ಇತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. 1991ರ ಕೊನೆಗೆ ಅವರ ಕೃತಿಗಳು ವಿಶ್ವಭಾರತಿಯ ಕೈತಪ್ಪುತ್ತವೆ ಎಂದಾದಾಗ ಸರ್ಕಾರ ಅವಸರದಿಂದ ಸುಗ್ರೀವಾಜ್ಞೆ ಹೊರಡಿಸಿ ಹತ್ತು ವರ್ಷ ಸೇರಿಸಿತು. ಸಿನಿಮಾ ಮತ್ತು ಧ್ವನಿಮುದ್ರಣಕ್ಕೆ ಲೆಕ್ಕ ಶುರುವಾಗುವುದು ಬಿಡುಗಡೆಯಾದ ವರ್ಷದಿಂದ.

ಕನ್ನಡದ ಮಟ್ಟಿಗೆ ಇದನ್ನು ಬೆರಳೆಣಿಸಿ ನೋಡುವುದು ನನಗೊಂದು ಖುಷಿ. ಬಿ.ಎಂ.ಶ್ರೀ. ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ ಹೋದವರು. 2007ರಿಂದ ಅವರ ಬರಹ ಎಲ್ಲರದು. ಗೋವಿಂದ ಪೈ ಮತ್ತು ತ್ರಿವೇಣಿ 1963ರಲ್ಲಿ ತೀರಿಕೊಂಡರು. ಬದುಕಿದ್ದಾಗ ಪ್ರಕಟವಾದ ಅವರ ಕೃತಿಗಳು 2024ರ ಜನವರಿ 1ರಿಂದ ಮುಕ್ತ; ಮರಣಾನಂತರ ಮೊದಲ ಸಲ ಅಚ್ಚಾದವುಗಳಿಗೆ ಪ್ರಕಟಣೆಯ ವರ್ಷದಿಂದ 60 ಎಣಿಸಬೇಕು. ಡಿವಿಜಿ ಅವರ ಕಗ್ಗ ಮುಕ್ತವಾಗುವುದು 2036ಕ್ಕೆ, ಬೇಂದ್ರೆ 2042ಕ್ಕೆ, ಕುವೆಂಪು 2055ಕ್ಕೆ. 60 ವರ್ಷ ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ. ಮರುಮುದ್ರಣವಿಲ್ಲದೆ, ವಾರಸುದಾರರು ಯಾರೆಂದು ತಿಳಿಯದೆ ಕೊಳೆಯುತ್ತಿರುವ ಕನ್ನಡ ಪುಸ್ತಕಗಳನ್ನು ಹಳೆ ಗ್ರಂಥಾಲಯಗಳಲ್ಲಿ ಕಂಡವರು ಇದನ್ನು ಒಪ್ಪುತ್ತಾರೆ. ಅವಧಿ ಮುಗಿಯುವುದನ್ನು ಕಾಯದೆಯೇ ಬಿಟ್ಟುಕೊಡುವ ದಾರಿಯೂ ಇದೆ. ನಿರಂಜನರ 50ಕ್ಕೂ ಹೆಚ್ಚು ಕೃತಿಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಓದುಗರಿಗೆ ತೆರೆದಿಟ್ಟರು. ಹಕ್ಕು ತಮ್ಮದು ಎಂದು ಖಚಿತವಾಗಿದ್ದ ಕಾರಣಕ್ಕೇ ಅವರು ಹಾಗೆ ಕೊಡಲು ಸಾಧ್ಯವಾಯಿತು.

ಈಗ ಕನ್ನಡದ ಕಥೆಗೆ ಹೊರಗಿನಿಂದ ಕೇಳಿಕೊಂಡು ಬರುವವರು ಹೆಚ್ಚಾಗುತ್ತಿದ್ದಾರೆ. ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್' 2025ರ ಅಂತಾರಾಷ್ಟ್ರೀಯ ಬೂಕರ್ ಗೆದ್ದಾಗ 50,000 ಪೌಂಡಿನ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಅನುವಾದಿಸಲು ಮೂಲ ಲೇಖಕರ ಅನುಮತಿ ಬೇಕು. ಅನುವಾದ ಆದಮೇಲೆ ಆ ಅನುವಾದದ ಹಕ್ಕು ಅನುವಾದಕರದು. ಮುದ್ರಣ, ಅನುವಾದ, ಸಿನಿಮಾ, ಆಡಿಯೋ ಬುಕ್, ನಾಟಕ ರೂಪಾಂತರ ಇವೆಲ್ಲ ಬೇರೆ ಬೇರೆ ಹಕ್ಕುಗಳು. ಪ್ರಕಾಶಕರಿಗೆ ಒಂದು ಮುದ್ರಣದ ಹಕ್ಕು ಕೊಟ್ಟರೆ ಉಳಿದವು ನಮ್ಮಲ್ಲೇ ಉಳಿಯುತ್ತವೆ. 'ಎಲ್ಲ ಹಕ್ಕುಗಳೂ' ಎಂದು ಒಂದೇ ಮಾತಿನಲ್ಲಿ ಸಹಿ ಹಾಕಿಕೊಡುವವರು ಏನೇನು ಕೊಟ್ಟೆವು ಎಂದು ಲೆಕ್ಕ ಹಾಕಿರುವುದಿಲ್ಲ. 2012ರ ತಿದ್ದುಪಡಿಯ ನಂತರ, ಕರಾರು ಆದ ದಿನ ಬಳಕೆಯಲ್ಲೇ ಇರದ ಮಾಧ್ಯಮಕ್ಕೆ, ಅದನ್ನು ಹೆಸರಿಸದ ಹೊರತು, ಆ ಕರಾರು ಅನ್ವಯಿಸುವುದಿಲ್ಲ. ಸಿನಿಮಾ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಚಿತ್ರಮಂದಿರದ ಹೊರಗಿನ ಬಳಕೆಯಲ್ಲಿ ಸಮಪಾಲು ರಾಯಧನ ಬರಬೇಕು, ಅದನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ ಎಂಬುದೂ ಅದೇ ತಿದ್ದುಪಡಿಯ ಕೊಡುಗೆ. ಹಕ್ಕು ಮಾರಿದ ಮೇಲೂ ಕೃತಿಯ ಮೇಲೆ ನಮ್ಮ ಹೆಸರು ಇರಬೇಕು, ನಮ್ಮ ಮಾನಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಬಾರದು ಎಂದು ಕೇಳುವ ಅಧಿಕಾರವನ್ನು 57ನೇ ಸೆಕ್ಷನ್ ಬರೆದವರಿಗೇ ಉಳಿಸಿದೆ.

ಆ ಹುಡುಗನ ಕಿರುಚಿತ್ರ ಆಯಿತು. ಪ್ರಕಾಶಕರ ಮಗನಿಗೆ ಗೆಳತಿ ಒಂದು ಪುಟದ ಪತ್ರ ಬರೆದಳು, ಅವರು ಮರುಮಾತಾಡದೆ ಒಪ್ಪಿದರು. ಮುಂದಿನ ಮುದ್ರಣವನ್ನು ಅವರಿಗೇ ಕೊಟ್ಟೆ, ಈ ಸಲ ಎರಡು ಪುಟದ ಕರಾರಿನ ಮೇಲೆ: ಒಂದು ಮುದ್ರಣ, ಸಾವಿರ ಪ್ರತಿ, ಐದು ವರ್ಷ, ಶೇ 10 ರಾಯಧನ, ಉಳಿದ ಹಕ್ಕುಗಳು ಲೇಖಕಿಯವು.

ಆದರೆ ನಮ್ಮ ಮನೆಯಲ್ಲೇ ಇನ್ನೊಂದು ಕಟ್ಟು ಬಿಡಿಸಲಾಗದೆ ಕೂತಿದೆ. ನನ್ನ ಸೋದರಮಾವ ಪ್ರಾಥಮಿಕ ಶಾಲೆಯ ಮೇಷ್ಟ್ರು. ಶಾಲೆಯ ಹಳೆ ಲೆಕ್ಕದ ಪುಸ್ತಕಗಳ ಖಾಲಿ ಹಾಳೆಗಳಲ್ಲಿ, ನೀಲಿ ಶಾಯಿಯಲ್ಲಿ, ಒಂಬತ್ತು ನಾಟಕ ಬರೆದಿಟ್ಟರು. ಪಾತ್ರದ ಹೆಸರುಗಳಿಗೆ ಮಾತ್ರ ಕೆಂಪು ಶಾಯಿ. 2006ರಲ್ಲಿ ತೀರಿಕೊಂಡರು. ಉಯಿಲಿನಲ್ಲಿ ಅಡಿಕೆ ತೋಟ, ಮನೆ, ಬಾವಿಯ ಪಾಲು ಎಲ್ಲವೂ ಇದೆ; ನಾಟಕದ ಮಾತಿಲ್ಲ. ಈಗ ಸಾಗರದ ತಂಡವೊಂದು ಅದರಲ್ಲಿ ಒಂದನ್ನು ಟಿಕೆಟ್ ಇಟ್ಟು ಆಡಬೇಕೆಂದಿದೆ. ಕೇಳಿಕೊಂಡು ಬಂದಿದ್ದಾರಲ್ಲ ಎಂಬುದೇ ನನಗೆ ಸಂತೋಷ. ಹಕ್ಕು ಮಾವನ ನಾಲ್ವರು ಮಕ್ಕಳದು. ನಾಲ್ವರ ಸಹಿಯೂ ಬೇಕು. ಮೂವರದು ಸಿಕ್ಕಿದೆ. ತೋಟದ ಪಾಲಿನಲ್ಲಿ ಮುನಿಸಿಕೊಂಡ ನಾಲ್ಕನೆಯವನು ಫೋನ್ ಎತ್ತುತ್ತಿಲ್ಲ.

ನಿಮ್ಮ ಮನೆಯಲ್ಲಿ ಬರೆಯುವ, ಹಾಡು ಕಟ್ಟುವ, ಚಿತ್ರ ಬಿಡಿಸುವ ಹಿರಿಯರಿದ್ದರೆ ಇವತ್ತೇ ಅವರ ಹತ್ತಿರ ಕೂತು ಕೇಳಿ: ಇದು ನಿಮ್ಮ ನಂತರ ಯಾರಿಗೆ? ಅವರು ಹೇಳಿದ್ದನ್ನು ಉಯಿಲಿನಲ್ಲಿ ಬರೆಸಿ, ಸಹಿ ಹಾಕಿಸಿ, ಇಬ್ಬರು ಸಾಕ್ಷಿಗಳ ಸಹಿಯನ್ನೂ ಹಾಕಿಸಿಕೊಳ್ಳಿ.